ಮಳವಳ್ಳಿ ದಾರಿಯಲ್ಲಿ ಮೂರು ಮಾತ್ರೆ

ಸಂಕ್ರಾಂತಿ ಕಳೆದ ಮೊದಲ ಭಾನುವಾರ. ಮಂಡ್ಯದ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೇ ಹೊರಟೆವು. ಮಗ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನನ್ನಾಕೆ, ಏಳನೇ ತರಗತಿಯ ಮೊಮ್ಮಗಳು, ಒಂದನೇ ತರಗತಿಯ ಮೊಮ್ಮಗ. ಮಳವಳ್ಳಿ ಪಕ್ಕದ ಹಳ್ಳಿಯಲ್ಲಿ ನನ್ನ ಅಣ್ಣ ಇದ್ದಾನೆ. ಕಾಲಿನ ಗಾಯಕ್ಕೆ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದ. ಅವನನ್ನು ನೋಡಿ, ಎಳ್ಳು ಬೆಲ್ಲ ಕೊಟ್ಟು ಬರುವುದು, ದಾರಿಯಲ್ಲಿ ಮಕ್ಕಳಿಗೆ ಕೊಕ್ಕರೆ ಬೆಳ್ಳೂರು ತೋರಿಸುವುದು ನಮ್ಮ ಲೆಕ್ಕಾಚಾರ.

ಊರು ದಾಟುವ ಮೊದಲೇ ಮೊಮ್ಮಗ ನಾಲ್ಕು ಸಲ ಸೀನಿದ. ಮೂಗು ಸೋರುತ್ತಿತ್ತು. ಜ್ವರವೇನೂ ಇರಲಿಲ್ಲ.

"ನಿಮ್ಮ ಜೇಬಲ್ಲಿ ಆ ಮಾತ್ರೆ ಇದೆಯಲ್ಲ, ಅರ್ಧ ಕೊಡಿ. ಸಂಜೆ ಹೊತ್ತಿಗೆ ಸರಿಹೋಗುತ್ತೆ" ಅಂದಳು ನನ್ನಾಕೆ.

ಇದ್ದದ್ದು ನಿಜ. ಹಿಂದಿನ ತಿಂಗಳು ಹಲ್ಲು ಕೀಳಿಸಿಕೊಂಡಾಗ ದಂತವೈದ್ಯರು ದಿನಕ್ಕೆ ಮೂರರಂತೆ ಐದು ದಿನಕ್ಕೆ ಬರೆದುಕೊಟ್ಟಿದ್ದ ಆ್ಯಂಟಿಬಯಾಟಿಕ್ ಅದು. ನೋವು ಹೋಯಿತೆಂದು ನಾಲ್ಕನೇ ದಿನಕ್ಕೇ ನಿಲ್ಲಿಸಿದ್ದೆ. ಮೂರು ಮಾತ್ರೆ ಉಳಿದಿದ್ದವು. ದುಡ್ಡು ಕೊಟ್ಟು ತಂದದ್ದು, ಯಾವಾಗಲಾದರೂ ಬೇಕಾಗುತ್ತದೆ ಎಂದು ಇಟ್ಟುಕೊಂಡಿದ್ದೆ. "ತಿಂಡಿ ಆಗಲಿ, ಕೊಡೋಣ" ಎಂದೆ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು ನಾನು. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ, ವೈರಸ್ಸಿಗೆ ಅಲ್ಲ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಬೋರ್ಡಿನ ಮೇಲಿದ್ದದ್ದು ಜೇಬಿನವರೆಗೆ ಇಳಿದಿರಲಿಲ್ಲ.

ಆಲೆಮನೆಯ ಪಾಠ

ಹೊಸ ಎಕ್ಸ್‌ಪ್ರೆಸ್‌ವೇ ಹತ್ತದೆ ಪಕ್ಕದ ರಸ್ತೆಯಲ್ಲೇ ಹೋದೆವು. ಎರಡೂ ಕಡೆ ಕಬ್ಬು, ನಡುವೆ ಭತ್ತದ ಕೂಳೆ, ಮೇಲೆ ತೆಳ್ಳನೆ ಮಂಜು. ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಗೆ ಹರಿದದ್ದು 1930ರ ದಶಕದಲ್ಲಿ. ಮಂಡ್ಯದ ಮೈಷುಗರ್ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಆದರೆ ಕಾರ್ಖಾನೆಯ ಸಕ್ಕರೆಗಿಂತ ಮಕ್ಕಳಿಗೆ ಇಷ್ಟವಾದದ್ದು ರಸ್ತೆ ಬದಿಯ ಆಲೆಮನೆ.

ಗಾಣ ತಿರುಗುತ್ತಿತ್ತು. ಹಾಲು ರಸ ತೊಟ್ಟಿಗೆ ಬೀಳುತ್ತಿತ್ತು. ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುವ ರಸದ ಮೇಲಿನ ಕೊಳೆಯನ್ನು ಒಬ್ಬರು ಜಾಲರಿಯಲ್ಲಿ ತೆಗೆಯುತ್ತಿದ್ದರು. ಇನ್ನೊಬ್ಬರು ಅಚ್ಚಿಗೆ ಪಾಕ ಸುರಿಯುತ್ತಿದ್ದರು. ಮೊಮ್ಮಗನ ಕೈಗೆ ಬಿಸಿ ಬೆಲ್ಲದ ಉಂಡೆ ಬಂತು. ಅವನು ಮತ್ತೆ ಸೀನಿದ.

"ತಾತ, ಇವನ ನೆಗಡಿ ವೈರಸ್ಸಾ ಬ್ಯಾಕ್ಟೀರಿಯಾನಾ?" ಮೊಮ್ಮಗಳು ಕೇಳಿದಳು.

"ನೆಗಡಿ ಅಂದರೆ ವೈರಸ್ಸೇ" ಎಂದೆ. ಹಳೆಯ ಮೇಷ್ಟ್ರು ಎದ್ದು ಕೂತ. "ಎರಡಕ್ಕೂ ವ್ಯತ್ಯಾಸ ಏನು ಗೊತ್ತಾ? ಈ ಆಲೆಮನೆ ನೋಡು. ಇದಕ್ಕೆ ಗೋಡೆ ಇದೆ, ಗಾಣ ಇದೆ, ಒಲೆ ಇದೆ, ಕೆಲಸ ಗೊತ್ತಿರುವ ಆಳುಗಳಿದ್ದಾರೆ. ಕಬ್ಬು ತಂದು ಹಾಕಿದರೆ ತಾನೇ ಬೆಲ್ಲ ಮಾಡಿಕೊಳ್ಳುತ್ತೆ. ಬ್ಯಾಕ್ಟೀರಿಯಾ ಹೀಗೆ. ಒಂದೇ ಜೀವಕೋಶ, ಆದರೂ ಸ್ವಂತ ಸಂಸಾರ. ಸುತ್ತ ಗೋಡೆ, ಒಳಗೆ ಪ್ರೋಟೀನು ತಯಾರಿಸುವ ಯಂತ್ರ. ಊಟ ಸಿಕ್ಕರೆ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ."

"ವೈರಸ್ಸು?"

"ವೈರಸ್ಸಿಗೆ ಗೋಡೆಯೂ ಇಲ್ಲ, ಗಾಣವೂ ಇಲ್ಲ, ಒಲೆಯೂ ಇಲ್ಲ. ಅದು ಬರೀ ಒಂದು ಚೀಟಿ. ಚೀಟಿಯಲ್ಲಿ 'ನನ್ನಂಥದ್ದೇ ಇನ್ನಷ್ಟು ಮಾಡಿ' ಅಂತ ಬರೆದಿರುತ್ತೆ, ಮೇಲೊಂದು ಲಕೋಟೆ, ಅಷ್ಟೆ. ಆ ಚೀಟಿ ನಮ್ಮ ಮೂಗಿನ, ಗಂಟಲಿನ ಜೀವಕೋಶದೊಳಗೆ ನುಗ್ಗುತ್ತೆ. ನಮ್ಮ ಗಾಣ, ನಮ್ಮ ಒಲೆ, ನಮ್ಮ ಆಳುಗಳಿಂದಲೇ ತನ್ನ ಕೆಲಸ ಮಾಡಿಸಿಕೊಳ್ಳುತ್ತೆ."

ಗಾತ್ರವೂ ಬೇರೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸಾಧಾರಣ ಬ್ಯಾಕ್ಟೀರಿಯಾಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಸಾವಿರ ಹಿಡಿಸುತ್ತವೆ. ಕೊರೋನಾ ವೈರಸ್ಸಿನಂಥವು ಅದೇ ಜಾಗದಲ್ಲಿ ಹತ್ತು ಸಾವಿರ.

"ಹಾಗಾದರೆ ಆ್ಯಂಟಿಬಯಾಟಿಕ್ ಏನು ಮಾಡುತ್ತೆ?"

"ಪೆನಿಸಿಲಿನ್ ಜಾತಿಯವು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತವೆ. ಗೋಡೆ ಸಡಿಲವಾಗಿ ಅದು ಒಡೆದುಹೋಗುತ್ತೆ. ನಮ್ಮ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲ, ಅದಕ್ಕೇ ನಮಗೆ ಏಟು ಬೀಳೋದಿಲ್ಲ. ಸ್ಟ್ರೆಪ್ಟೊಮೈಸಿನ್ ಥರದವು ಬ್ಯಾಕ್ಟೀರಿಯಾದ ಗಾಣಕ್ಕೆ ಕಲ್ಲು ಹಾಕುತ್ತವೆ. ಅದರ ಗಾಣದ ಮಾಟ ನಮ್ಮದಕ್ಕಿಂತ ಬೇರೆ."

ಅವಳು ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: "ವೈರಸ್ಸಿಗೆ ಗೋಡೆ ಇಲ್ಲ, ಗಾಣ ಇಲ್ಲ ಅಂದ್ರಲ್ಲ. ಮತ್ತೆ ನಿಮ್ಮ ಮಾತ್ರೆ ಹೋಗಿ ಏನನ್ನ ಒಡೆಯುತ್ತೆ?"

ನಾನು ಕಬ್ಬಿನ ಹಾಲು ಕುಡಿಯುವ ನೆಪದಲ್ಲಿ ಲೋಟ ಎತ್ತಿದೆ.

ಹೆಪ್ಪಾಗದ ಹಾಲು

ಮಂಡ್ಯ ಹಾಲು ಒಕ್ಕೂಟದ ದೊಡ್ಡ ಡೇರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅದಕ್ಕೆ ಸ್ವಲ್ಪ ಮೊದಲೇ ಒಂದು ಹಳ್ಳಿಯ ಹಾಲಿನ ಸೊಸೈಟಿ ಮುಂದೆ ಕಾರು ನಿಲ್ಲಿಸಿದೆವು. ಬೆಳಗಿನ ಹಾಲು ಹಾಕುವ ಹೊತ್ತು. ಕ್ಯಾನು, ಚೊಂಬು ಹಿಡಿದ ಹೆಂಗಸರು ಸಾಲಿನಲ್ಲಿದ್ದರು. ಒಬ್ಬ ಅಜ್ಜಿ ಮಾತ್ರ ಬರಿಗೈಯಲ್ಲಿ ಕಟ್ಟೆಯ ಮೇಲೆ ಕೂತಿದ್ದರು.

"ಯಾಕಜ್ಜಿ, ನೀವು ಹಾಲು ಹಾಕಲ್ವಾ?" ಮೊಮ್ಮಗಳು ಕೇಳಿದಳು.

"ನಮ್ಮಸೀಗೆ ಕೆಚ್ಚಲು ಬಾವು ಬಂದಿತ್ತು ಕಣವ್ವ. ಡಾಕ್ಟ್ರು ಸೂಜಿ ಹಾಕವ್ರೆ. ಇನ್ನೂ ಮೂರ್ ದಿನ ಡೇರಿಗೆ ಹಾಲ್ ಹಾಕ್‌ಬ್ಯಾಡಿ ಅಂದವ್ರೆ."

"ಮನೆಗೆ ಇಟ್ಕೊಂಡು ಮೊಸರು ಮಾಡಬಹುದಲ್ಲ?"

ಅಜ್ಜಿ ನಕ್ಕರು. "ಸೂಜಿ ಹಾಕ್ಸಿದ್ ಹಸೀನ್ ಹಾಲಿಗೆ ಹೆಪ್ಪು ಹಾಕುದ್ರೆ ಮೊಸ್ರೇ ಆಗಾಕಿಲ್ಲ ಕಣವ್ವ. ಬೆಳಗ್ಗೆ ಎದ್ ನೋಡುದ್ರೆ ಹಾಲು ಹಾಲಾಗೇ ಇರ್ತದೆ. ಕುಡೀನೂಬಾರ್ದು ಅಂದವ್ರೆ, ಚೆಲ್ತೀನಿ."

ಹಾಲು ಮೊಸರಾಗುವುದು ಬ್ಯಾಕ್ಟೀರಿಯಾದಿಂದ. ನಾವು ಹಾಕುವ ಒಂದು ಚಮಚ ಹೆಪ್ಪಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಕೆಚ್ಚಲು ಬಾವು ಸಾಮಾನ್ಯವಾಗಿ ಬರುವುದೂ ಬ್ಯಾಕ್ಟೀರಿಯಾದಿಂದಲೇ. ಅದಕ್ಕೆ ಕೊಟ್ಟ ಆ್ಯಂಟಿಬಯಾಟಿಕ್ ಕೆಲವು ದಿನ ಹಾಲಿನಲ್ಲೂ ಇಳಿಯುತ್ತದೆ. ಕಾಯಿಲೆ ತರುವ ಬ್ಯಾಕ್ಟೀರಿಯಾ ಯಾವುದು, ಮೊಸರು ಮಾಡುವ ಬ್ಯಾಕ್ಟೀರಿಯಾ ಯಾವುದು ಎಂದು ಔಷಧಕ್ಕೆ ತಿಳಿಯದು. ಸಿಕ್ಕಿದ್ದನ್ನು ಹೊಡೆಯುತ್ತದೆ.

ನಮ್ಮ ಕರುಳಿನಲ್ಲೂ ಮೊಸರಿನವುಗಳಂಥ ಒಳ್ಳೆಯ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಊಟ ಜೀರ್ಣವಾಗಲು ನೆರವಾಗುತ್ತವೆ, ಕೆಟ್ಟವು ಬೇರೂರದಂತೆ ಜಾಗ ಹಿಡಿದಿರುತ್ತವೆ. ಆ್ಯಂಟಿಬಯಾಟಿಕ್ ನುಂಗಿದಾಗ ಕೆಲವರಿಗೆ ಭೇದಿಯಾಗುವುದು ಅವು ಸಾಯುವುದರಿಂದ. ನೆಗಡಿಗೆ ಈ ಮಾತ್ರೆ ಕೊಟ್ಟರೆ ನೆಗಡಿಯ ವೈರಸ್ಸಿಗೆ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಹೊಟ್ಟೆಯೊಳಗಿನ ನೆಂಟರಿಗೆ.

ಕಾರು ಹತ್ತುವಾಗ ನನ್ನಾಕೆ ಮೆಲ್ಲಗೆ, "ತಿಂಡಿ ಆದಮೇಲೂ ಬೇಡ ಬಿಡಿ" ಅಂದಳು.

ಮದ್ದೂರು ವಡೆ, ಲಂಡನ್ನಿನ ಬೂಷ್ಟು

ಮದ್ದೂರಿಗೆ ಬಂದು ವಡೆ ತಿನ್ನದೆ ಹೋದವರುಂಟೆ? ಅಕ್ಕಿ ಹಿಟ್ಟು, ರವೆ, ಮೈದಾ, ಹೇರಳವಾಗಿ ಈರುಳ್ಳಿ, ಕರಿಬೇವು. ರೈಲು ನಿಲ್ದಾಣದ ತಿಂಡಿಯಾಗಿ ಶುರುವಾದ ಇದಕ್ಕೆ ನೂರು ವರ್ಷ ದಾಟಿದೆ. ವಡೆಯ ಜತೆಗೆ ಮಕ್ಕಳಿಗೆ ಬೂಷ್ಟಿನ ಕಥೆಯನ್ನೂ ಬಡಿಸಿದೆ.

1928ರ ಸೆಪ್ಟೆಂಬರ್. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಬಂದರು. ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ಗಾಜಿನ ತಟ್ಟೆಗೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಮಾತ್ರ ಬ್ಯಾಕ್ಟೀರಿಯಾ ಸತ್ತು ಖಾಲಿಯಾಗಿತ್ತು. ಬೂಷ್ಟು ಸುರಿಸಿದ ಆ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟರು. ಅದನ್ನು ರೋಗಿಗೆ ಕೊಡುವಂಥ ಔಷಧವನ್ನಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಜತೆಗಾರರು. 1945ರಲ್ಲಿ ಮೂವರಿಗೂ ನೊಬೆಲ್ ಬಂತು. ನಮ್ಮ ದೇಶದಲ್ಲೂ ಪುಣೆ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು.

"ಹಾಗಾದರೆ ಬೂಷ್ಟು ಹಿಡಿದ ಬ್ರೆಡ್ ತಿಂದರೆ ಒಳ್ಳೇದಾ?" ಮೊಮ್ಮಗನ ಪ್ರಶ್ನೆ.

"ಖಂಡಿತ ಬೇಡ. ಬೂಷ್ಟಿನಲ್ಲಿ ನೂರಾರು ಜಾತಿ, ಕೆಲವು ವಿಷ."

ಫ್ಲೆಮಿಂಗ್ ನೊಬೆಲ್ ಭಾಷಣದಲ್ಲೇ ಒಂದು ಎಚ್ಚರಿಕೆ ಹೇಳಿದ್ದರು. ಮುಂದೊಂದು ದಿನ ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗಬಹುದು, ಆಗ ತಿಳಿಯದವರು ಸಾಲದಷ್ಟು ತೆಗೆದುಕೊಂಡು ಬ್ಯಾಕ್ಟೀರಿಯಾಗಳಿಗೆ ಅದನ್ನು ತಾಳಿಕೊಳ್ಳುವುದನ್ನು ಕಲಿಸಿಬಿಟ್ಟಾರು ಎಂದು. ಅದನ್ನು ಹೇಳುವಾಗ ನನ್ನ ಕೈ ಜೇಬಿನ ಮೇಲಿತ್ತು.

ತವರಿಗೆ ಬಂದ ಹಕ್ಕಿಗಳು

ಮದ್ದೂರು ದಾಟಿ ರುದ್ರಾಕ್ಷಿಪುರದ ಬಳಿ ತಿರುಗಿದರೆ ಕೊಕ್ಕರೆ ಬೆಳ್ಳೂರಿನ ದಾರಿ. ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ತುಂಬ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳ ಗೂಡು. ಮನೆಯ ಹೆಂಚಿನ ಮೇಲೇ ರೆಕ್ಕೆಯ ನೆರಳು ಹಾಯುತ್ತದೆ. ಮರಿ ಮಾಡಲು ಬರುವ ಈ ಹಕ್ಕಿಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಕಾಣುತ್ತಾರೆ.

ಇಲ್ಲಿ 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಮರದಿಂದ ಬೀಳತೊಡಗಿದ್ದವು. ಹಕ್ಕಿಜ್ವರ ಬಂತೇನೋ ಎಂದು ಎಲ್ಲರಿಗೂ ಭಯ. ಹಕ್ಕಿಜ್ವರ ವೈರಸ್ಸಿನ ಕಾಯಿಲೆ. ಸತ್ತ ಹಕ್ಕಿಗಳನ್ನು ಪರೀಕ್ಷೆ ಮಾಡಿದರು. ಹಕ್ಕಿಜ್ವರ ಇರಲಿಲ್ಲ. ಹೊಟ್ಟೆಯಲ್ಲಿ ಜಂತುಹುಳು ತುಂಬಿದ್ದವು. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ಮೂರನೆಯದೇ ಒಂದು ಶತ್ರು.

"ಯಾರು ಅಂತ ಗೊತ್ತಾಗದೆ ಔಷಧಿ ಕೊಟ್ಟಿದ್ದರೆ ಸುಮ್ಮನೆ ದಂಡ" ಅಂದಳು ಮೊಮ್ಮಗಳು, ಬೈನಾಕ್ಯುಲರ್‌ನಿಂದ ಕಣ್ಣು ತೆಗೆಯದೆ. ಈ ದಿನದ ಪಾಠವನ್ನು ಅವಳು ನನಗಿಂತ ಮೊದಲು ಮುಗಿಸಿದ್ದಳು.

ಒಂದೇ ಗುಡಿ, ಎರಡು ಕಾಯಿಲೆ

ಮದ್ದೂರಿಗೆ ಹಿಂದಿರುಗಿ ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿ ಕಡೆ ಹೊರಟೆವು. ದಾರಿಯ ಹಳ್ಳಿಯೊಂದರ ಹೊರಗೆ ಮಾರಮ್ಮನ ಗುಡಿ. ನನ್ನಾಕೆ ಕಾರಿನಿಂದಲೇ ಕೈ ಮುಗಿದಳು. ಅವಳ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತಂತೆ: ಪ್ಲೇಗು ಬಂದಾಗ ಊರಿಗೆ ಊರೇ ಖಾಲಿ, ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಸಿಡುಬು ಬಂದರೆ ಮನೆ ಬಾಗಿಲಿಗೆ ಬೇವಿನ ಸೊಪ್ಪು.

ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಪ್ಲೇಗಿಗೂ ಸಿಡುಬಿಗೂ ಹಿರಿಯರು ಹರಕೆ ಹೊತ್ತದ್ದು ಒಬ್ಬಳೇ ತಾಯಿಗೆ. ಆದರೆ ಪ್ಲೇಗು ಬ್ಯಾಕ್ಟೀರಿಯಾ, ಸಿಡುಬು ವೈರಸ್ಸು. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೂ ಮದ್ದಾಯಿತು, ಪ್ಲೇಗಿಗೂ ಮದ್ದಾಯಿತು. ಸಿಡುಬಿಗೆ ಯಾವ ಆ್ಯಂಟಿಬಯಾಟಿಕ್ಕೂ ನಾಟಲಿಲ್ಲ. ಅದನ್ನು ಓಡಿಸಿದ್ದು ಲಸಿಕೆ. ಲಸಿಕೆ ವೈರಸ್ಸನ್ನು ನೇರವಾಗಿ ಹೊಡೆಯುವುದಿಲ್ಲ, ಅದರ ಗುರುತನ್ನು ನಮ್ಮ ಮೈಯ ಕಾವಲುಗಾರರಿಗೆ ಮೊದಲೇ ತೋರಿಸಿಡುತ್ತದೆ. ನಮ್ಮ ದೇಶದಲ್ಲಿ ಸಿಡುಬು ಕೊನೆಯಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಸಾರಿದರು. ಅಜ್ಜ ಅಜ್ಜಿಯರ ತೋಳಿನ ಮೇಲಿನ ಅಚ್ಚು ಆ ಲಸಿಕೆಯ ಗುರುತು. ಮೊಮ್ಮಗ ನನ್ನ ಅಂಗಿಯ ತೋಳು ಮಡಿಸಿ ಅದನ್ನು ಮುಟ್ಟಿ ನೋಡಿದ.

ಅಣ್ಣನ ಮನೆ

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೆ ಹೆಸರಾದ ಊರು. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಅಣ್ಣನ ಮನೆಯಲ್ಲೂ ನಾಲ್ಕು ಬಂಡೂರು ಕುರಿಗಳಿವೆ. ಮೊಮ್ಮಗ ಒಂದು ಮರಿಯ ಹಿಂದೆ ಓಡಿದವನು ಮತ್ತೆ ಸಂಜೆಯೇ ಸಿಕ್ಕಿದ್ದು.

ಅಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಬಲಗಾಲಿನಲ್ಲಿ ಕಿರುಬೆರಳು ಇರಲಿಲ್ಲ. ನಾನು ನೋಡಿದ್ದನ್ನು ನೋಡಿ ಪಂಚೆ ಎಳೆದುಕೊಂಡ.

ಹೊಲದಲ್ಲಿ ಮುಳ್ಳು ಚುಚ್ಚಿದ್ದು. ಸಕ್ಕರೆ ಕಾಯಿಲೆ ಬೇರೆ. ಗಾಯ ಕೀವಾಯಿತು. ಮಾತ್ರೆ ಕೊಟ್ಟರು, ಬಗ್ಗಲಿಲ್ಲ. ಬೇರೆ ಮಾತ್ರೆ ಕೊಟ್ಟರು, ಅದಕ್ಕೂ ಬಗ್ಗಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆ.

ಮುಂದಿನದನ್ನು ಹೇಳಿದವಳು ಅವನ ಸೊಸೆ. ಅವಳು ಆಸ್ಪತ್ರೆಯೊಂದರಲ್ಲಿ ನರ್ಸು. "ಕೀವನ್ನ ಲ್ಯಾಬಿಗೆ ಕಳಿಸಿದ್ರು ಚಿಕ್ಕಮಾವ. ಅಲ್ಲಿ ತಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿ, ಮೇಲೆ ಬೇರೆ ಬೇರೆ ಔಷಧದ ಚಿಕ್ಕ ಚಿಕ್ಕ ಬಿಲ್ಲೆ ಇಡ್ತಾರೆ. ಔಷಧ ನಾಟಿದರೆ ಬಿಲ್ಲೆ ಸುತ್ತ ಉಂಗುರದ ಹಾಗೆ ಖಾಲಿ ಆಗುತ್ತೆ. ಮಾವನ ತಟ್ಟೆಯಲ್ಲಿ ಮಾಮೂಲಿ ಔಷಧ ಯಾವುದರ ಸುತ್ತಲೂ ಉಂಗುರ ಬರಲಿಲ್ಲ. ಬಂದದ್ದು ಎರಡಕ್ಕೆ ಮಾತ್ರ. ಅವೂ ನರಕ್ಕೆ ಕೊಡೋ ಇಂಜೆಕ್ಷನ್."

"ಯಾಕೆ ಹಾಗಾಯಿತು?"

"ಡಾಕ್ಟ್ರು ಕೇಳಿದ್ರು, ಮೊದಲು ಏನೇನು ಮಾತ್ರೆ ತಗೊಳ್ತಿದ್ರಿ ಅಂತ. ಮಾವ ನೆಗಡಿ ಬಂದ್ರೂ, ಮೈ ಕೈ ನೋವಿಗೂ ಅಂಗಡಿಯಿಂದ ತಂದು ಎರಡೆರಡು ದಿನ ನುಂಗ್ತಿದ್ರು. ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ, ಇದೂ ಒಂದು ಕಾರಣ ಅಂದ್ರು."

ಮೊಮ್ಮಗಳು ಹತ್ತಿರ ಬಂದು ಕೂತಳು. "ದೊಡ್ತಾತನ ಮೈಗೆ ಔಷಧಿ ಅಭ್ಯಾಸ ಆಗಿಬಿಟ್ಟಿತ್ತಾ?"

"ಮೈಗಲ್ಲ ಪುಟ್ಟ, ಬ್ಯಾಕ್ಟೀರಿಯಾಗಳಿಗೆ" ಎಂದಳು ಸೊಸೆ. "ಕೋಟಿ ಬ್ಯಾಕ್ಟೀರಿಯಾದಲ್ಲಿ ಎಲ್ಲೋ ನಾಲ್ಕಕ್ಕೆ ಔಷಧ ತಡೆಯೋ ಶಕ್ತಿ ಇರುತ್ತೆ. ಔಷಧ ಬಿದ್ದಾಗ ಉಳಿದವು ಸಾಯ್ತವೆ, ಆ ನಾಲ್ಕು ಉಳೀತವೆ. ಹೊಲದಲ್ಲಿ ಬೆಳೆ ಕಿತ್ತು ಕಳೆ ಬಿಟ್ಟ ಹಾಗೆ. ಆಮೇಲೆ ಹೊಲವೆಲ್ಲ ಅವುಗಳದ್ದೇ. ಆ ಶಕ್ತಿಯನ್ನ ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸ್ತವೆ. ಒಬ್ಬರಿಂದ ಇನ್ನೊಬ್ಬರಿಗೂ ಹರಡ್ತವೆ. ಅದಕ್ಕೇ ಬೇಡದಾಗ ತಗೋಬಾರದು. ಬೇಕಾದಾಗ ಡಾಕ್ಟ್ರು ಹೇಳಿದಷ್ಟು ದಿನ ಬಿಡಬಾರದು."

ಅಣ್ಣ ಕೊಟ್ಟಿಗೆಯತ್ತ ಕೈ ತೋರಿಸಿದ. "ನಂಗಿಂತ ಕುರಿಗೇ ನ್ಯಾಯವಾಗಿ ನೋಡ್ಕೊಂಡಿವ್ನಿ ಕಣೋ. ಕಾಲುಬಾಯಿ ಜ್ವರಕ್ಕೆ ವರ್ಷ ವರ್ಷ ಲಸಿಕೆ ಹಾಕಿಸ್ತೀನಿ. ಅದು ವೈರಸ್ಸು, ಬಂದಮೇಲೆ ಸೂಜಿ ಹಾಕಿದ್ರೆ ಜ್ವರಕ್ಕೆ ನಾಟಲ್ಲ, ಬಾಯಿ ಗೊರಸಿನ ಹುಣ್ಣು ಕೊಳೀದಂಗೆ ಕೊಡ್ತಾರೆ ಅಷ್ಟೇ ಅಂತ ಪಶು ಡಾಕ್ಟ್ರು ಹೇಳವ್ರೆ. ಕುರಿ ವಿಷಯ ಅಂದ್ರೆ ಕಿವಿ ಕೊಟ್ ಕೇಳ್ದೆ. ನನ್ ವಿಷಯಕ್ಕೆ ಅಂಗಡಿಯವ್ನೇ ಡಾಕ್ಟ್ರು."

ನಾನು ಜೇಬಿನಿಂದ ಆ ಮೂರು ಮಾತ್ರೆ ತೆಗೆದು ಜಗಲಿಯ ಮೇಲಿಟ್ಟೆ. ಅಣ್ಣ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ. ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ.

"ಈ ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೋಬಾರದು ಅಂತ ಅರ್ಥ" ಎಂದಳು ಸೊಸೆ. "2016ರಲ್ಲೇ ಕೇಂದ್ರ ಸರ್ಕಾರ ಪ್ರಚಾರ ಮಾಡಿತ್ತು. ಕೊಡಿ, ಆಸ್ಪತ್ರೆಯ ಔಷಧ ಕಸದ ಡಬ್ಬಿಗೆ ಹಾಕ್ತೀನಿ. ತಿಪ್ಪೆಗೆ ಹಾಕಿದ್ರೆ ಮಣ್ಣಿನ ಬ್ಯಾಕ್ಟೀರಿಯಾನೂ ಕಲಿತುಬಿಡ್ತವೆ."

"ಮತ್ತೆ ಮಗುವಿಗೆ ಏನು ಕೊಡಲಿ?" ನನ್ನಾಕೆಯ ಚಿಂತೆ.

"ಬೆಚ್ಚಗಿನ ನೀರು, ಸಾರು, ನಿದ್ದೆ. ವೈರಸ್ಸನ್ನ ಅವನ ಮೈಯೇ ಓಡಿಸುತ್ತೆ ಚಿಕ್ಕತ್ತೆ. ಜ್ವರ ಮೂರು ದಿನ ಬಿಡದಿದ್ರೆ, ಉಸಿರು ಜೋರಾಗಿ ಎಳೆದ್ರೆ, ಕಿವಿ ಸೋರಿದ್ರೆ, ಊಟ ನೀರು ಬಿಟ್ಟು ಮಂಕಾದ್ರೆ ತಡ ಮಾಡದೆ ಡಾಕ್ಟರ ಹತ್ರ ಹೋಗಿ. ಕೆಲವು ಸಲ ವೈರಸ್ಸಿನ ಹಿಂದೆಯೇ ಬ್ಯಾಕ್ಟೀರಿಯಾನೂ ಬಂದು ಸೇರ್ಕೊಳ್ಳುತ್ತೆ. ಆಗ ಆ್ಯಂಟಿಬಯಾಟಿಕ್ ಬೇಕೇ ಬೇಕು. ಯಾವಾಗ ಬೇಕು ಅನ್ನೋದನ್ನ ನಾವು ಜಗಲಿ ಮೇಲೆ ಕೂತು ತೀರ್ಮಾನ ಮಾಡಬಾರದು, ಅಷ್ಟೇ."

ಹೊರಡುವಾಗ ಅಣ್ಣ ಕೋಲೂರಿಕೊಂಡು ಕಾರಿನವರೆಗೆ ಬಂದ. ಮೊಮ್ಮಗಳ ಕೈಗೆ ಕಬ್ಬಿನ ಜಲ್ಲೆ ಕೊಟ್ಟು, "ನಿಮ್ ತಾತ ಮೇಷ್ಟ್ರು ಅಂತ ಎಲ್ಲಾ ಗೊತ್ತಿರುತ್ತೆ ಅನ್ಕೋಬ್ಯಾಡ. ನೀನೂ ವಸಿ ಜೇಬು ನೋಡ್ತಿರು" ಎಂದ.

ಮೊಮ್ಮಗನ ನೆಗಡಿ ನಾಲ್ಕನೇ ದಿನ ತಾನಾಗಿಯೇ ಬಿಟ್ಟಿತು. ಮೊದಲ ದಿನ ಆ ಅರ್ಧ ಮಾತ್ರೆ ಕೊಟ್ಟಿದ್ದರೂ ನಾಲ್ಕನೇ ದಿನಕ್ಕೇ ಬಿಡುತ್ತಿತ್ತು. ಮಾತ್ರೆಯಿಂದಲೇ ಹೋಯಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೆ.